ಹತ್ತು ಸಾವಿರ ಹಿಟ್‌ಗೆ ಜಗ್ಗದ ಸರ್ವರ್ ಇನ್ನೂರು ಜನಕ್ಕೆ ಸುಸ್ತಾಯಿತೇಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ: ವಿಡಿಯೊ ತೋರಿಸುವ ವೆಬ್ ಆಪ್‌ಗೆ ಲೋಡ್ ಟೆಸ್ಟ್ ಮಾಡುವುದು, ಅಂದರೆ ನಕಲಿ ನೋಡುಗರನ್ನು ಕಳಿಸಿ ಎಷ್ಟು ಭಾರ ತಡೆಯುತ್ತದೆ ಎಂದು ನೋಡುವುದು ಹೇಗೆ? ನನ್ನ ಹೊಟ್ಟೆಪಾಡೇ ಇದು. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ, ಇವತ್ತು ಇದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ನಮ್ಮದು ಪಾಠದ ವಿಡಿಯೊಗಳ ವೆಬ್ ಆಪ್. ಒಂದೇ ಸರ್ವರ್, ಅದಕ್ಕೆ ಸೆಕೆಂಡಿಗೆ 1 ಗಿಗಾಬಿಟ್ ನೆಟ್‌ವರ್ಕ್. ವಿಡಿಯೊ ಎಲ್ಲವೂ 1080ಪಿ, ಸೆಕೆಂಡಿಗೆ 5 ಮೆಗಾಬಿಟ್, ಬೇರೆ ಗುಣಮಟ್ಟ ಇಲ್ಲ. ನಿಮಿಷಕ್ಕೆ 10,000 ರಿಕ್ವೆಸ್ಟ್ ಕಳಿಸಿ ಟೆಸ್ಟ್ ಮಾಡಿದೆವು. ಒಂದೂ ಎರರ್ ಇಲ್ಲ. ಆದರೆ ಮೊದಲ ದಿನ 200 ಜನ ಬಂದಾಗಲೇ ವಿಡಿಯೊ ನಿಂತು ನಿಂತು ಓಡಿತು. ಸಿಪಿಯು ನೋಡಿದರೆ ಆರಾಮಾಗಿತ್ತು. ಎಲ್ಲಿ ತಪ್ಪಿದೆವು?

ನಿಮ್ಮ ಸ್ಕ್ರಿಪ್ಟ್ ನೋಡಿದೆ. ಅದು ಪುಟವನ್ನು ಕೇಳುತ್ತದೆ, ಪ್ಲೇಲಿಸ್ಟನ್ನು ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಅಂದರೆ ಹತ್ತು ಸಾವಿರ ಸಲ ಬಾಗಿಲು ತಟ್ಟಿದ್ದಾಯಿತು, ತಟ್ಟಿದವರೆಲ್ಲ ವಾಪಸ್ ಹೋದರು. ಒಳಗೆ ಬಂದು ಕೂತವರು ಯಾರೂ ಇಲ್ಲ.

ವಿಡಿಯೊ ಇವತ್ತು ಸಾಮಾನ್ಯವಾಗಿ ಒಂದೇ ದೊಡ್ಡ ಫೈಲಾಗಿ ಬರುವುದಿಲ್ಲ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಆಗಲಿ, 2012ರಲ್ಲಿ ಐಎಸ್‌ಒ ಮಾನಕವಾಗಿ ಬಂದ ಡ್ಯಾಶ್ ಆಗಲಿ, ಮಾಡುವ ಕೆಲಸ ಒಂದೇ. ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತವೆ. ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿಯೇ ಪ್ಲೇಲಿಸ್ಟ್. ಪ್ಲೇಯರ್ ಆ ಪಟ್ಟಿ ಓದಿ, ತುಣುಕುಗಳನ್ನು ಒಂದೊಂದಾಗಿ ತರಿಸಿಕೊಳ್ಳುತ್ತದೆ. ಪಟ್ಟಿ ಹಗುರ, ತುಣುಕು ಭಾರ. ನೀವು ಹಗುರದ್ದನ್ನು ಮಾತ್ರ ತೂಗಿದಿರಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ನಿಮ್ಮ ಟೆಸ್ಟಿನಲ್ಲಿ ಉತ್ತರವೊಂದರ ಗಾತ್ರ ಸುಮಾರು 2 ಕಿಲೋಬೈಟ್. ನಿಮಿಷಕ್ಕೆ 10,000 ಅಂದರೆ 20 ಮೆಗಾಬೈಟ್. ಈಗ 200 ಜನರನ್ನು ತೆಗೆದುಕೊಳ್ಳಿ. ತುಣುಕು 6 ಸೆಕೆಂಡಿನದು, 5 ಮೆಗಾಬಿಟ್‌ನದು. ಹಾಗಾದರೆ ತುಣುಕೊಂದಕ್ಕೆ 30 ಮೆಗಾಬಿಟ್, ಅಂದರೆ 3.75 ಮೆಗಾಬೈಟ್. ಆರು ಸೆಕೆಂಡಿಗೊಮ್ಮೆ ಒಬ್ಬೊಬ್ಬರಿಗೂ ಒಂದೊಂದು. ಒಂದು ನಿಮಿಷಕ್ಕೆ ಎಲ್ಲ ಸೇರಿ 7,500 ಮೆಗಾಬೈಟ್! ರಿಕ್ವೆಸ್ಟ್ ಎಣಿಸಿದರೆ ನೀವು ಸೆಕೆಂಡಿಗೆ 167 ಕಳಿಸಿದ್ದಿರಿ, ನೋಡುಗರು ಕಳಿಸಿದ್ದು ಬರೀ 33. ಬೈಟ್ ಎಣಿಸಿದರೆ ಅವರದು ನಿಮ್ಮದರ 375 ಪಟ್ಟು.

200 ಜನ, ತಲಾ 5 ಮೆಗಾಬಿಟ್. ಸರಿಯಾಗಿ 1 ಗಿಗಾಬಿಟ್. ನಿಮ್ಮ ಪೈಪೂ ಅಷ್ಟೇ ಅಲ್ವಾ? ಅದರಲ್ಲೂ ಪ್ಯಾಕೆಟ್ ಹೆಡರ್‌ಗಳ ಪಾಲು ಕಳೆದರೆ 200 ಮುಟ್ಟುವ ಮೊದಲೇ ಪೈಪ್ ತುಂಬಿರುತ್ತದೆ. ಸಿಪಿಯು ಆರಾಮಾಗಿದ್ದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಡಿಸ್ಕಿನಿಂದ ಎತ್ತಿ ನೆಟ್‌ವರ್ಕಿಗೆ ಸುರಿಯುವ ಕೆಲಸಕ್ಕೆ ಅದಕ್ಕೆ ಆಯಾಸವೇ ಆಗುವುದಿಲ್ಲ. ವಿಡಿಯೊ ಟೆಸ್ಟಿನಲ್ಲಿ ನಾನು ಮೊದಲು ನೋಡುವುದು ನೆಟ್‌ವರ್ಕ್ ಗ್ರಾಫ್. ಸಿಪಿಯು ಆಮೇಲೆ.

ಸದ್ಯಕ್ಕೆ ಎರಡು ಕೆಲಸ ಮಾಡಿ. ಕಡಿಮೆ ಗುಣಮಟ್ಟದ ಎರಡು ಮೂರು ಪ್ರತಿಗಳನ್ನೂ ತಯಾರಿಸಿ ಇಡಿ, ಪ್ಲೇಯರ್‌ಗೆ ಇಳಿಯಲು ಮೆಟ್ಟಿಲು ಇರಲಿ. ತುಣುಕುಗಳನ್ನು ಸಿಡಿಎನ್ (ಪ್ರತಿಗಳನ್ನು ಹಲವು ಕಡೆಯ ಸರ್ವರ್‌ಗಳಲ್ಲಿ ಇಟ್ಟು ನೋಡುಗರಿಗೆ ಹತ್ತಿರದಿಂದ ಹಂಚುವ ಸೇವೆ) ಹಿಂದೆ ಹಾಕಿ. ಮತ್ತೆ ಟೆಸ್ಟ್ ಮಾಡಿ, ಆದರೆ ಈ ಸಲ ಒಳಗೆ ಬಂದು ಕೂರುವವರನ್ನು ಕಳಿಸಿ. ಹೇಗೆ ಎಂಬುದು ಕೆಳಗಿನ ಉತ್ತರದಲ್ಲಿದೆ.

ಪ್ರಶ್ನೆ: ಲೋಡ್ ಟೆಸ್ಟ್ ಟೂಲ್‌ಗಳು ಹಲವಿವೆ: ಜೆಮೀಟರ್, ಕೆ6, ಲೋಕಸ್ಟ್, ಗ್ಯಾಟ್ಲಿಂಗ್. ವಿಡಿಯೊಗೆ ಯಾವುದು ಒಳ್ಳೆಯದು? ಸ್ಕ್ರಿಪ್ಟಿನಲ್ಲಿ ಏನೇನು ಇರಬೇಕು?

ಮೊದಲನೆಯ ಪ್ರಶ್ನೆಗೆ ಒಂದೇ ಸಾಲು: ನಿಮಗೆ ಯಾವುದರಲ್ಲಿ ಕೈ ಪಳಗಿದೆಯೋ ಅದೇ ಒಳ್ಳೆಯದು. ಇವು ನಾಲ್ಕೂ ರಿಕ್ವೆಸ್ಟ್ ಕಳಿಸುತ್ತವೆ, ಉತ್ತರ ಬಂತಾ ಎಂದು ನೋಡುತ್ತವೆ. ವಿಡಿಯೊ ಎಂದರೇನು ಎಂದು ಅವುಗಳಿಗೆ ತಾವಾಗಿ ಗೊತ್ತಿಲ್ಲ. ಅದನ್ನು ನೀವೇ ಹೇಳಿಕೊಡಬೇಕು.

ಎರಡನೆಯದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ. ಬ್ರೌಸರ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ನಿಮ್ಮದೇ ವಿಡಿಯೊ ಒಂದನ್ನು ಹತ್ತು ನಿಮಿಷ ನೋಡಿ. ವಿಡಿಯೊ ನೋಡಬೇಡಿ, ಟ್ಯಾಬ್ ನೋಡಿ. ಮೊದಲು ಮುಖ್ಯ ಪ್ಲೇಲಿಸ್ಟ್ ಬರುತ್ತದೆ, ಆಮೇಲೆ ಒಂದು ಗುಣಮಟ್ಟದ ಪ್ಲೇಲಿಸ್ಟ್. ತಕ್ಷಣ ತುಣುಕುಗಳು ಸಾಲಾಗಿ, ಗಡಿಬಿಡಿಯಲ್ಲಿ ಬರುತ್ತವೆ. ಎಚ್‌ಎಲ್‌ಎಸ್ ಡಾಟ್ ಜೆಎಸ್ ಪ್ಲೇಯರ್ ಆದರೆ ತಾನಾಗಿ ಕನಿಷ್ಠ 30 ಸೆಕೆಂಡಿನಷ್ಟು ಮುಂದಕ್ಕೆ ತುಂಬಿಸಿಕೊಳ್ಳಲು ನೋಡುತ್ತದೆ. ಆರು ಸೆಕೆಂಡಿನ ತುಣುಕಾದರೆ ಕನಿಷ್ಠ ಐದು. ತುಂಬಿತು ಎಂದಮೇಲೆ ಅವಸರ ಇಳಿಯುತ್ತದೆ. ಆರು ಸೆಕೆಂಡಿಗೊಂದು, ಆರು ಸೆಕೆಂಡಿಗೊಂದು. ಯಾರಾದರೂ ವಿಡಿಯೊ ಮುಂದಕ್ಕೆ ಎಳೆದರೆ ಮತ್ತೆ ಅದೇ ಗಡಿಬಿಡಿ.

ನಿಮ್ಮ ಸ್ಕ್ರಿಪ್ಟ್ ಇದನ್ನೇ ಮಾಡಬೇಕು. ಮೊದಲು ಅವಸರ, ಆಮೇಲೆ ನಿಧಾನ. ನೂರಕ್ಕೆ ಒಂದಿಷ್ಟು ಜನ ಮಧ್ಯದಲ್ಲಿ ಎದ್ದು ಹೋಗಲಿ, ಒಂದಿಷ್ಟು ಜನ ಮುಂದಕ್ಕೆ ಎಳೆಯಲಿ. ಎಷ್ಟು ಜನ ಎಂದು ಊಹಿಸಬೇಡಿ, ನಿಮ್ಮ ಲಾಗ್ ನೋಡಿ. ತುಣುಕು ಬಂದ ಕೂಡಲೇ ಇನ್ನೊಂದು ಕೇಳುವ ಸ್ಕ್ರಿಪ್ಟ್ ಬರೆದರೆ ಅದು ಡೌನ್‌ಲೋಡ್ ಟೆಸ್ಟ್, ವಿಡಿಯೊ ಟೆಸ್ಟ್ ಅಲ್ಲ. ಬಂದ ತುಣುಕನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಲೂಬೇಡಿ. ಕೆ6ನಲ್ಲಿ ಉತ್ತರದ ಒಡಲನ್ನು ಎಸೆಯುವ ಆಯ್ಕೆ ಇದೆ, ಜೆಮೀಟರ್‌ನಲ್ಲಿ ಅದರ ಎಂಡಿ5 ಹ್ಯಾಶ್ (ಪುಟ್ಟ ಗುರುತು) ಮಾತ್ರ ಇಟ್ಟುಕೊಳ್ಳುವ ಟಿಕ್ ಇದೆ. ಪ್ಲೇಲಿಸ್ಟನ್ನು ಮಾತ್ರ ಎಸೆಯಬೇಡಿ ಮತ್ತೆ! ಅದನ್ನು ಓದಿದರೆ ತಾನೇ ಮುಂದಿನ ತುಣುಕಿನ ವಿಳಾಸ ಸಿಗುವುದು.

ಇಷ್ಟು ಎಲ್ಲರೂ ಮಾಡುತ್ತಾರೆ. ತುಂಬಾ ಜನ ಬಿಡುವುದು ಇನ್ನೊಂದಿದೆ. ಪ್ರತಿ ನಕಲಿ ನೋಡುಗನಿಗೂ ಒಂದು ಖಾತೆ ತೆರೆಯಿರಿ. ಪಾಸ್‌ಬುಕ್ ತರಹದ್ದು. ತುಣುಕು ಬಂದರೆ 6 ಸೆಕೆಂಡ್ ಜಮೆ. ಗಡಿಯಾರ ಓಡಿದಷ್ಟೂ ಖರ್ಚು. ಬಾಕಿ ಸೊನ್ನೆಗೆ ಬಂದರೆ ಅವನ ಪರದೆಯ ಮೇಲೆ ಚಕ್ರ ತಿರುಗುತ್ತಿದೆ ಎಂದರ್ಥ. ಅದನ್ನು ಬರೆದಿಟ್ಟುಕೊಳ್ಳಿ.

ಇದು ಯಾಕೆ ಬೇಕು? ನೋಡಿ: ಒಬ್ಬ ನೋಡುಗ ಮೂರು ತುಣುಕು ತುಂಬಿಸಿಕೊಂಡು ಶುರು ಮಾಡಿದ. ಬಾಕಿ 18 ಸೆಕೆಂಡ್. ಸರ್ವರ್ ಸ್ವಲ್ಪ ಸುಸ್ತಾಗಿದೆ, ತುಣುಕೊಂದಕ್ಕೆ 7 ಸೆಕೆಂಡ್ ತೆಗೆದುಕೊಳ್ಳುತ್ತಿದೆ. ಪ್ರತಿ ಸಲ 7 ಖರ್ಚು, 6 ಜಮೆ. ಒಂದೂವರೆ ನಿಮಿಷಕ್ಕೆ ಸರಿಯಾಗಿ ಖಾತೆ ಖಾಲಿ, ವಿಡಿಯೊ ನಿಂತಿತು. ಆದರೆ ನಿಮ್ಮ ಟೂಲ್ ಏನು ಹೇಳುತ್ತದೆ? ಎಲ್ಲ ರಿಕ್ವೆಸ್ಟಿಗೂ 200 (ಸರಿಯಾಗಿದೆ ಎಂಬ ಉತ್ತರದ ಕೋಡ್), ಎಲ್ಲವೂ ಹಸಿರು. ಟೆಸ್ಟ್ ಒಂದೇ ನಿಮಿಷದ್ದಾಗಿದ್ದರೆ ನಿಂತದ್ದು ಖಾತೆಗೂ ಗೊತ್ತಾಗುತ್ತಿರಲಿಲ್ಲ. ಈ ಪಾಸ್‌ಬುಕ್ ಬರೆಯಲು ಇಪ್ಪತ್ತು ಸಾಲು ಕೋಡ್ ಸಾಕು. ನಾನು ಇದನ್ನು ಬರೆಯದೆ ಕಳೆದ ವರ್ಷಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಇನ್ನು ಗುಣಮಟ್ಟ ಏರಿಳಿಸುವ ವಿಚಾರ. ನಿಜವಾದ ಪ್ಲೇಯರ್ ನೆಟ್‌ವರ್ಕ್ ನಿಧಾನವಾದರೆ ತಾನೇ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ನಾನು ಎರಡು ಓಟ ಓಡಿಸುತ್ತೇನೆ. ಒಂದರಲ್ಲಿ ಎಲ್ಲರೂ ಹಟ ಹಿಡಿದು ಮೇಲಿನದನ್ನೇ ಕೇಳುತ್ತಾರೆ. ಇನ್ನೊಂದರಲ್ಲಿ ಇಳಿಯುತ್ತಾರೆ, ಏರುತ್ತಾರೆ. ಎರಡನೆಯದು ಮೋಸ ಮಾಡುವ ಓಟ. ಎಲ್ಲೂ ನಿಲ್ಲುವುದಿಲ್ಲ, ಎರರ್ ಇಲ್ಲ, ಆದರೆ ಎಲ್ಲರೂ ಮಸುಕು ಚಿತ್ರ ನೋಡುತ್ತಿರುತ್ತಾರೆ. ಅದಕ್ಕೇ ಸರಾಸರಿ ಎಷ್ಟು ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್‌ನ ವಿಡಿಯೊ) ತಲುಪಿತು ಎಂಬುದನ್ನೂ ಎಣಿಸಿ.

ಪ್ರಶ್ನೆ: ತುಣುಕು ಬರಲು ಸರಾಸರಿ 1.2 ಸೆಕೆಂಡ್ ಆಗುತ್ತಿದೆ. 99ನೇ ಪರ್ಸೆಂಟೈಲ್ ಮಾತ್ರ 9 ಸೆಕೆಂಡ್. ನೂರರಲ್ಲಿ ಒಂದಲ್ವಾ, ಬಿಡಬಹುದಾ?

ಬಿಡಬೇಡಿ. ನೂರು ಜನರಲ್ಲಿ ಒಬ್ಬರಿಗೆ ಎಂದು ನೀವು ಓದಿಕೊಂಡಿದ್ದೀರಿ. ಅದು ನೂರು ತುಣುಕಿನಲ್ಲಿ ಒಂದು. ಒಬ್ಬರು ಒಂದು ಗಂಟೆ ವಿಡಿಯೊ ನೋಡಿದರೆ 600 ತುಣುಕು ತರಿಸಿಕೊಳ್ಳುತ್ತಾರೆ. ಲೆಕ್ಕಕ್ಕೆ ಒಬ್ಬೊಬ್ಬರಿಗೂ ಗಂಟೆಗೆ ಆರು ಸಲ ಅಷ್ಟು ನಿಧಾನ. ಒಂದೇ ಆದರೆ ಮುಂದಕ್ಕೆ ತುಂಬಿಸಿಟ್ಟ ಬಫರ್ ತಡೆದುಕೊಳ್ಳುತ್ತದೆ. ಆದರೆ ನಿಧಾನದ ತುಣುಕುಗಳು ಸಾಮಾನ್ಯವಾಗಿ ಗುಂಪಾಗಿ ಬರುತ್ತವೆ, ಸಮವಾಗಿ ಹಂಚಿಕೊಂಡು ಬರುವುದಿಲ್ಲ. ಸರಾಸರಿಯನ್ನು ನಾನು ವರದಿಯಲ್ಲಿ ಹಾಕುವುದನ್ನೇ ಬಿಟ್ಟು ಬಹಳ ಕಾಲವಾಯಿತು. ಎಷ್ಟು ಜನರ ವಿಡಿಯೊ ನಿಂತಿತು, ಎಷ್ಟು ಸೆಕೆಂಡ್ ನಿಂತಿತು, ಒತ್ತಿದ ಮೇಲೆ ಮೊದಲ ಚಿತ್ರ ಬರಲು ಎಷ್ಟು ಹೊತ್ತಾಯಿತು, ಈ ಮೂರನ್ನು ಹಾಕುತ್ತೇನೆ.

ಪ್ರಶ್ನೆ: ನಮ್ಮ ತುಣುಕುಗಳೆಲ್ಲ ಸಿಡಿಎನ್‌ನಿಂದ ಹೋಗುತ್ತವೆ. ಭಾರ ಹೊರುವುದು ಅವರು. ನಾವ್ಯಾಕೆ ಟೆಸ್ಟ್ ಮಾಡಬೇಕು?

ನಾನೂ ಒಮ್ಮೆ ಹೀಗೇ ಕೇಳಿದ್ದೆ. ಆಮೇಲೆ ಏನಾಯಿತು ಹೇಳುತ್ತೇನೆ.

ನಾನು ಆಗ ಇದ್ದ ಕಂಪನಿಯಲ್ಲಿ ಒಂದು ನೇರ ಪ್ರಸಾರ ಇತ್ತು. ಟೆಸ್ಟ್ ನನ್ನ ಜವಾಬ್ದಾರಿ. 5,000 ನಕಲಿ ನೋಡುಗರನ್ನು ಓಡಿಸಿದೆ, ಎಲ್ಲ ಹಸಿರು. ಸಿಡಿಎನ್ ಕ್ಯಾಶ್ ಹಿಟ್, ಅಂದರೆ ತನ್ನಲ್ಲಿರುವ ಪ್ರತಿಯಿಂದಲೇ ಸಿಡಿಎನ್ ಉತ್ತರಿಸಿದ ರಿಕ್ವೆಸ್ಟ್‌ಗಳು, ನೂರಕ್ಕೆ 99ಕ್ಕಿಂತ ಮೇಲೆ. ಸಿಡಿಎನ್‌ಗೆ ವಿಡಿಯೊ ಕೊಡುವ ನಮ್ಮ ಮೂಲ ಸರ್ವರ್ ನಿದ್ದೆ ಮಾಡುತ್ತಿತ್ತು. ನಾನು ವರದಿ ಕಳಿಸಿ ಬೆನ್ನು ತಟ್ಟಿಸಿಕೊಂಡೆ.

ಪ್ರಸಾರದ ದಿನ ಶುರುವಾಗಿ ಎರಡು ಮೂರು ನಿಮಿಷಕ್ಕೇ ಮೂಲ ಸರ್ವರ್ ಮಲಗಿತು. ಯಾವ ಪ್ರಸಾರ ಇದ್ದರೂ ನಾನು ಒಂದು ಹಳೇ ಫೋನನ್ನು ಪಕ್ಕದಲ್ಲಿಟ್ಟು ಅದರಲ್ಲಿ ನೋಡುತ್ತಿರುತ್ತೇನೆ. ಮೂಲೆ ಒಡೆದಿದೆ, ನಿಧಾನ, ಅದಕ್ಕೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಚಕ್ರ ತಿರುಗತೊಡಗಿತು. ಡ್ಯಾಶ್‌ಬೋರ್ಡ್ ಇನ್ನೂ ಹಸಿರಾಗೇ ಇತ್ತು.

ತಪ್ಪು ಎಲ್ಲಿತ್ತು? ಕದ್ದು ನೋಡಬಾರದು ಎಂದು ಪ್ರತಿ ತುಣುಕಿನ ವಿಳಾಸದ ಬಾಲಕ್ಕೆ ಒಂದು ಟೋಕನ್ (ಅನುಮತಿ ಚೀಟಿಯಂಥ ಅಕ್ಷರಗಳ ಸಾಲು) ಅಂಟಿಸಿದ್ದರು. ಒಬ್ಬೊಬ್ಬ ನೋಡುಗನಿಗೂ ಬೇರೆ ಬೇರೆ ಟೋಕನ್. ಸಿಡಿಎನ್ ಆ ಬಾಲವನ್ನೂ ಸೇರಿಸಿ ವಿಳಾಸ ಎಂದು ಎಣಿಸುತ್ತಿತ್ತು. ಅದರ ಕಣ್ಣಿಗೆ ಒಂದೇ ತುಣುಕು ನೋಡುಗರು ಎಷ್ಟೋ ಅಷ್ಟು ಬೇರೆ ಬೇರೆ ತುಣುಕುಗಳಾಗಿ ಕಂಡಿತು. ಕ್ಯಾಶ್‌ನಲ್ಲಿ ಯಾವುದೂ ಸಿಗಲಿಲ್ಲ. ಪ್ರತಿಯೊಂದನ್ನೂ ಮೂಲ ಸರ್ವರಿನಿಂದಲೇ ತಂದಿತು. ನನ್ನ ಟೆಸ್ಟಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಸೋಮಾರಿತನ. ಒಂದೇ ಟೋಕನ್ ತೆಗೆದು 5,000 ಜನಕ್ಕೂ ಅದನ್ನೇ ಹಂಚಿದ್ದೆ. ಬೈಯಿಸಿಕೊಂಡವರು ಸಿಡಿಎನ್‌ನವರು, ತಪ್ಪು ನನ್ನದು ಮತ್ತು ನಮ್ಮ ಸೆಟ್ಟಿಂಗಿನದು.

ಪರಿಹಾರ ಸಣ್ಣದು. ಟೋಕನ್ ಸರಿಯಿದೆಯೇ ಎಂದು ಸಿಡಿಎನ್ ಅಂಚಿನಲ್ಲೇ (ನೋಡುಗರಿಗೆ ಹತ್ತಿರದ ಅದರ ಸರ್ವರ್‌ನಲ್ಲೇ) ನೋಡಬೇಕು, ಆದರೆ ಕ್ಯಾಶ್ ಕೀಯಿಂದ (ಪ್ರತಿಯನ್ನು ಹುಡುಕಲು ಸಿಡಿಎನ್ ಬಳಸುವ ಹೆಸರಿನಿಂದ) ಅದನ್ನು ತೆಗೆದುಹಾಕಬೇಕು. ಬದಲಾಯಿಸಿದ್ದು ಒಂದೇ ಸೆಟ್ಟಿಂಗ್.

ಹಾಗಾಗಿ ಕ್ಯಾಶ್ ಹಿಟ್ ನೂರರ ಹತ್ತಿರ ಇದೆ ಎಂದು ಸಮಾಧಾನ ಪಡಬೇಡಿ. 99 ಇದ್ದದ್ದು 95ಕ್ಕೆ ಇಳಿದರೆ ಬರೀ 4 ಕಡಿಮೆ ಅನ್ನಿಸುತ್ತದೆ ಅಲ್ವಾ? ಮೂಲ ಸರ್ವರ್ ಕಡೆಯಿಂದ ನೋಡಿ. ಮೊದಲು ನೂರಕ್ಕೆ 1 ಬರುತ್ತಿತ್ತು, ಈಗ 5. ಅದಕ್ಕೆ ಐದು ಪಟ್ಟು ಕೆಲಸ.

ಇನ್ನೊಂದು. ಸಿಡಿಎನ್ ವಿಡಿಯೊ ಹೊರುತ್ತದೆ, ಲಾಗಿನ್ ಹೊರುವುದಿಲ್ಲ. ಟೋಕನ್ ಕೊಡುವುದು, ಡಿಆರ್‌ಎಂ ಲೈಸೆನ್ಸ್ (ಕದಿಯದಂತೆ ಬೀಗ ಹಾಕಿದ ವಿಡಿಯೊದ ಕೀಲಿ), ಎಲ್ಲಿಗೆ ಬಿಟ್ಟಿದ್ದಿರೋ ಅಲ್ಲಿಂದ ನೋಡಿ ಎಂಬ ನೆನಪು, ಇವೆಲ್ಲ ನಿಮ್ಮ ತಲೆಯ ಮೇಲೇ ಇವೆ. ಪ್ಲೇಯರ್ ಹತ್ತು ಸೆಕೆಂಡಿಗೊಮ್ಮೆ ಇಲ್ಲಿದ್ದೇನೆ ಎಂದು ಬರೆದರೆ 5,000 ಜನಕ್ಕೆ ಡೇಟಾಬೇಸಿನಲ್ಲಿ ಸೆಕೆಂಡಿಗೆ 500 ಬರಹ. ನಾನು ಕಂಡ ಎಷ್ಟೋ ಬಿಕ್ಕಟ್ಟುಗಳಲ್ಲಿ ವಿಡಿಯೊ ಸರಿಯಾಗೇ ಇತ್ತು, ಬಿದ್ದದ್ದು ಇಂಥ ಸಣ್ಣ ಕೆಲಸ.

ಟೆಸ್ಟಿಗೆ ಮುಂಚೆ ಸಿಡಿಎನ್‌ನವರಿಗೆ ಹೇಳಿ ಒಪ್ಪಿಗೆ ಪಡೆಯುವುದನ್ನು ಮರೆಯಬೇಡಿ. ಹೇಳದೆ ಮಾಡಿದರೆ ಅವರ ಕಣ್ಣಿಗೆ ಅದು ದಾಳಿ. ಬೈಟಿಗೆ ಬಿಲ್ಲೂ ಬರುತ್ತದೆ, ನಕಲಿ ನೋಡುಗ ನೋಡಿದರೂ!

ಪ್ರಶ್ನೆ: ನನ್ನ ಲಿನಕ್ಸ್ ಲ್ಯಾಪ್‌ಟಾಪಿನಿಂದ 2,000 ನೋಡುಗರನ್ನು ಓಡಿಸಿದೆ. ಎರರ್ ಮೇಲೆ ಎರರ್. ಸರ್ವರ್ ತಂಡದವರು ತಮ್ಮ ಕಡೆ ಏನೂ ಆಗಿಲ್ಲ ಎನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರಾ?

ಪಾಪ, ಅವರು ನಿಜ ಹೇಳುತ್ತಿದ್ದಾರೆ. ಸುಸ್ತಾದದ್ದು ನಿಮ್ಮ ಲ್ಯಾಪ್‌ಟಾಪ್. 2,000 ಜನ, ತಲಾ 3 ಮೆಗಾಬಿಟ್ ಅಂದರೂ 6 ಗಿಗಾಬಿಟ್. ಲ್ಯಾಪ್‌ಟಾಪಿನ ಕಿಂಡಿ ಅಷ್ಟು ದೊಡ್ಡದಿಲ್ಲ. ಅದಕ್ಕೂ ಮುಂಚೆ ಇನ್ನೆರಡು ಗೋಡೆಗಳಿವೆ. ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮ್ ತೆರೆಯಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 1,024. ಪ್ರತಿ ಕನೆಕ್ಷನ್ನೂ ಒಂದು ಫೈಲಿನ ಲೆಕ್ಕ. ಎರಡನೆಯದು ಪೋರ್ಟ್‌ಗಳು, ಅಂದರೆ ಹೊರಗೆ ಹೋಗುವ ಪ್ರತಿ ಕನೆಕ್ಷನ್ ಹಿಡಿದುಕೊಳ್ಳುವ ಸಂಖ್ಯೆಗಳು. 32768ರಿಂದ 60999ರವರೆಗೆ, ಸುಮಾರು 28,000. ಮುಚ್ಚಿದ ಕನೆಕ್ಷನ್ ಒಂದು ನಿಮಿಷ ಪೋರ್ಟನ್ನು ಹಿಡಿದುಕೊಂಡೇ ಇರುತ್ತದೆ. ಪ್ರತಿ ತುಣುಕಿಗೂ ಹೊಸ ಕನೆಕ್ಷನ್ ತೆರೆದು ಮುಚ್ಚುತ್ತಾ ಹೋದರೆ ಒಂದೇ ಸರ್ವರಿಗೆ ಸೆಕೆಂಡಿಗೆ 470ರ ಆಸುಪಾಸಿನಲ್ಲಿ ಪೋರ್ಟ್‌ಗಳು ಮುಗಿಯುತ್ತವೆ. ನಿಜವಾದ ಪ್ಲೇಯರ್ ಹಾಗೆ ಮಾಡುವುದಿಲ್ಲ. ಒಂದೇ ಕನೆಕ್ಷನ್ ತೆರೆದಿಟ್ಟು ಅದರಲ್ಲೇ ತರಿಸಿಕೊಳ್ಳುತ್ತದೆ. ಸ್ಕ್ರಿಪ್ಟಿನಲ್ಲಿ ಕೀಪ್-ಅಲೈವ್ (ಕನೆಕ್ಷನ್ ತೆರೆದೇ ಇಡುವ ಸೆಟ್ಟಿಂಗ್) ಇದೆಯೇ ನೋಡಿ.

ಬೇರೆ ಬೇರೆ ಕಡೆ ಹತ್ತು ಯಂತ್ರ ಬಾಡಿಗೆಗೆ ಹಿಡಿಯಿರಿ. ಒಂದೇ ಐಪಿಯಿಂದ ಎಲ್ಲರೂ ಬಂದರೆ ಸಿಡಿಎನ್‌ನ ಒಂದೇ ಅಂಚಿಗೆ ಬಡಿಯುತ್ತೀರಿ, ರೇಟ್ ಲಿಮಿಟ್ಟಿಗೂ (ಒಬ್ಬರಿಂದ ಇಷ್ಟೇ ರಿಕ್ವೆಸ್ಟ್ ಎಂಬ ಮಿತಿಗೂ) ಸಿಕ್ಕಿಬೀಳುತ್ತೀರಿ. ಹತ್ತು ಗಿಗಾಬಿಟ್‌ವರೆಗೆ ಎಂದು ಬರೆದಿರುವ ಕ್ಲೌಡ್ ಯಂತ್ರಗಳ ಬಗ್ಗೆ ಹುಷಾರು. ಆ ವರೆಗೆ ಎಂಬ ಪದ ಸುಮ್ನೆ ಬಂದಿಲ್ಲ, ಸ್ವಲ್ಪ ಹೊತ್ತು ಓಡಿದ ಮೇಲೆ ವೇಗ ಇಳಿಯುತ್ತದೆ. ಟೆಸ್ಟ್ ಓಡುವಾಗ ಸರ್ವರ್ ಗ್ರಾಫಿನ ಪಕ್ಕದಲ್ಲೇ ನಿಮ್ಮ ಯಂತ್ರಗಳ ಗ್ರಾಫನ್ನೂ ತೆರೆದಿಡಿ. ಸಾಕ್ಷಿಗೆ ಒಂದೆರಡು ನಿಜವಾದ ಬ್ರೌಸರ್‌ಗಳೂ ಅದೇ ವಿಡಿಯೊ ನೋಡುತ್ತಿರಲಿ. ಹಳೇ ಫೋನ್ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಎಷ್ಟು ಜನಕ್ಕೆ ಟೆಸ್ಟ್ ಮಾಡಬೇಕು? ಗಂಟೆಗೆ 3,000 ಜನ ಬರುತ್ತಾರೆ ಎಂದು ಮಾರ್ಕೆಟಿಂಗ್‌ನವರು ಹೇಳುತ್ತಾರೆ.

ಬಂದವರು ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳಿದಿರಾ? ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಸೂತ್ರ ಒಂದಿದೆ. ಬರುವ ವೇಗವನ್ನು ಇರುವ ಹೊತ್ತಿನಿಂದ ಗುಣಿಸಿದರೆ ಒಳಗೆ ಎಷ್ಟು ಜನ ಇದ್ದಾರೆ ಎಂದು ಸಿಗುತ್ತದೆ. ಗಂಟೆಗೆ 3,000 ಅಂದರೆ ನಿಮಿಷಕ್ಕೆ 50. ಸರಾಸರಿ 40 ನಿಮಿಷ ಕೂತರೆ ಒಂದೇ ಸಲಕ್ಕೆ 2,000 ಜನ. ಎರಡೇ ನಿಮಿಷ ನೋಡಿ ಹೋದರೆ 100. ಸಂಖ್ಯೆ ಒಂದೇ, ಭಾರ ಇಪ್ಪತ್ತು ಪಟ್ಟು ಬೇರೆ.

ಪ್ರಶ್ನೆ: ರೆಕಾರ್ಡೆಡ್ ವಿಡಿಯೊಗೆ ಪಾಸಾದ ಟೆಸ್ಟ್ ನೇರ ಪ್ರಸಾರಕ್ಕೂ ನಡೆಯುತ್ತದಾ?

ಇಲ್ಲ. ನೇರ ಪ್ರಸಾರದಲ್ಲಿ ಪ್ಲೇಲಿಸ್ಟ್ ಬೆಳೆಯುತ್ತಾ ಹೋಗುತ್ತದೆ, ಪ್ಲೇಯರ್ ಅದನ್ನು ಮತ್ತೆ ಮತ್ತೆ ಕೇಳುತ್ತದೆ. 5,000 ಜನ, ಆರು ಸೆಕೆಂಡ್: ತುಣುಕಿಗೆ ಸೆಕೆಂಡಿಗೆ 833 ರಿಕ್ವೆಸ್ಟ್, ಪ್ಲೇಲಿಸ್ಟಿಗೆ ಇನ್ನೊಂದು 833. ಧ್ವನಿ ಬೇರೆಯಾಗಿ ಹೋಗುತ್ತಿದ್ದರೆ ಅದೂ ದುಪ್ಪಟ್ಟು.

ಅದಕ್ಕಿಂತ ಕಷ್ಟ ಬೇರೆ ಇದೆ. ಹೊಸ ತುಣುಕು ಹುಟ್ಟಿದ ಕ್ಷಣವೇ ಎಲ್ಲರಿಗೂ ಅದೇ ಬೇಕು. ಕ್ಯಾಶ್‌ನಲ್ಲಿ ಇನ್ನೂ ಇಲ್ಲ, ಹಾಗಾಗಿ ಎಲ್ಲ ರಿಕ್ವೆಸ್ಟೂ ಮೂಲ ಸರ್ವರಿಗೆ ನುಗ್ಗುತ್ತವೆ. ಒಂದನ್ನು ಮಾತ್ರ ಒಳಗೆ ಬಿಟ್ಟು ಉಳಿದವನ್ನು ಕಾಯಿಸುವ ಸೌಲಭ್ಯ ಕ್ಯಾಶ್ ಸರ್ವರ್‌ಗಳಲ್ಲಿ ಇರುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಅದಕ್ಕೆ ಕ್ಯಾಶ್ ಲಾಕ್ ಎನ್ನುತ್ತಾರೆ, ತಾನಾಗಿ ಆನ್ ಆಗಿರುವುದಿಲ್ಲ. ನೋಡಿಕೊಳ್ಳಿ. ಜನರನ್ನು ಅರ್ಧ ಗಂಟೆಯಲ್ಲಿ ನಿಧಾನವಾಗಿ ಏರಿಸಬೇಡಿ, ಎರಡು ನಿಮಿಷದಲ್ಲಿ ಒಳಗೆ ತನ್ನಿ. ಪ್ರಸಾರ ಶುರುವಾಗುವಾಗ ಅವರು ಹಾಗೇ ಬರುವುದು. ಒಂದು ಓಟದಲ್ಲಿ ಬೇಕೆಂದೇ ಮೂಲ ಸರ್ವರನ್ನು ಹತ್ತು ಸೆಕೆಂಡ್ ನಿಲ್ಲಿಸಿ ಮತ್ತೆ ಎಬ್ಬಿಸಿ. ಸೋತ ಪ್ಲೇಯರ್‌ಗಳೆಲ್ಲ ಒಂದೇ ಕ್ಷಣಕ್ಕೆ ಮತ್ತೆ ಕೇಳಿದರೆ ಅದು ಎದ್ದ ಕೂಡಲೇ ಮತ್ತೆ ಬೀಳುತ್ತದೆ. ಮರುಪ್ರಯತ್ನದ ನಡುವೆ ಹೊತ್ತು ಹೆಚ್ಚಿಸುತ್ತಾ ಹೋಗಬೇಕು, ಒಬ್ಬೊಬ್ಬರದು ಸ್ವಲ್ಪ ಹಿಂದೆ ಮುಂದೆ ಇರಬೇಕು.

ಪ್ರಶ್ನೆ: ಟೆಸ್ಟ್ ಎಷ್ಟು ಹೊತ್ತು ಓಡಬೇಕು? ನಾವು ಅರ್ಧ ಗಂಟೆ ಓಡಿಸುತ್ತೇವೆ.

ನಿಮ್ಮ ಟೋಕನ್ ಎಷ್ಟು ಹೊತ್ತಿಗೆ ಸಾಯುತ್ತದೆ? ಒಂದು ಗಂಟೆ ಎಂದಾದರೆ ಒಂದೂಕಾಲು ಗಂಟೆಯಾದರೂ ಓಡಿಸಿ. ಹಿಂದಿನ ಉತ್ತರದಂತೆ ಎಲ್ಲರೂ ಎರಡು ನಿಮಿಷದಲ್ಲಿ ಒಳಗೆ ಬಂದವರು, ಹಾಗಾಗಿ ಎಲ್ಲರ ಟೋಕನ್ನೂ ಆ ಎರಡು ನಿಮಿಷದಲ್ಲೇ ಸಾಯುತ್ತದೆ, ಎಲ್ಲರೂ ಒಟ್ಟಿಗೇ ಹೊಸದು ಕೇಳಲು ಬರುತ್ತಾರೆ. ಅರ್ಧ ಗಂಟೆಯ ಟೆಸ್ಟಿನವರಿಗೆ ಆ ದೃಶ್ಯ ಕಾಣುವುದೇ ಇಲ್ಲ. ವರ್ಷಕ್ಕೊಮ್ಮೆಯಾದರೂ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಬಂದು ಮೊದಲು ಲಾಗ್ ಡಿಸ್ಕ್ ತುಂಬಿದೆಯೇ ನೋಡಿ.